ಬಾಣಂತನದ ಆರು ವಾರ: ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು

ಮೈಸೂರು, ಮಂಡ್ಯ ಕಡೆ ಹೆರಿಗೆಯಾದ ಹೆಣ್ಣುಮಗಳು ತವರಿಗೆ ಬಂದರೆ ಆ ಮನೆಯ ದಿನಚರಿಯೇ ಬದಲಾಗುತ್ತದೆ. ಬೆಳಿಗ್ಗೆ ಹಂಡೆಗೆ ಉರಿ ಹಾಕುವವರು ಒಬ್ಬರು, ಮೆಣಸಿನ ಸಾರು ಕುದಿಸುವವರು ಒಬ್ಬರು, ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳುವವರು ಮತ್ತೊಬ್ಬರು. ಬಾಣಂತಿ ಪಾತ್ರೆ ಮುಟ್ಟುವಂತಿಲ್ಲ, ಕೊಡ ಎತ್ತುವಂತಿಲ್ಲ. ಹೆತ್ತವಳಿಗೆ ಇಷ್ಟು ವಾರ ಕೆಲಸವಿಲ್ಲದ ವಿಶ್ರಾಂತಿ ಕೊಡುವ ಈ ಪದ್ಧತಿಯ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಅದೇ ಮನೆಯಲ್ಲಿ ಅವಳು ಬಾಯಾರಿ ನೀರು ಕೇಳಿದರೆ ಅರ್ಧ ಲೋಟ ಕೊಡುವುದನ್ನೂ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದನ್ನೂ ಕಂಡಾಗ ಸಂಕಟವಾಗುತ್ತದೆ.

ಹಾಗಾಗಿ ಈ ಬರಹ ಬಾಣಂತಿಗೆ ಎಷ್ಟೋ ಅಷ್ಟೇ ಬಾಣಂತನ ಮಾಡುವ ತಾಯಿಗೆ, ಅತ್ತೆಗೆ, ಅಜ್ಜಿಗೆ. ವಾರಕ್ಕೊಮ್ಮೆ ಬಂದು ಮಗು ನೋಡಿ ಹೋಗುವ ಗಂಡನಿಗೂ.

ಆಸ್ಪತ್ರೆಯಿಂದ ಹೊರಡುವ ಮುನ್ನ

ಸಹಜ ಹೆರಿಗೆಯಾದರೂ ಎರಡು ದಿನ, ಅಂದರೆ 48 ಗಂಟೆ ಆಸ್ಪತ್ರೆಯಲ್ಲಿರುವುದು ಕ್ಷೇಮ. ಅತಿಯಾದ ರಕ್ತಸ್ರಾವದ ಅಪಾಯ ಮೊದಲ ದಿನವೇ ಹೆಚ್ಚು. ಮಗು ಹಾಲು ಹಿಡಿಯುತ್ತಿದೆಯೇ, ಮೂತ್ರ ಮಾಡಿದೆಯೇ, ಮೊದಲ 24 ಗಂಟೆಯೊಳಗೆ ಕಪ್ಪು ಮಲ ಹೋಗಿದೆಯೇ ಎಂಬುದೂ ಅಲ್ಲಿಯೇ ತಿಳಿಯಬೇಕು. ಹುಟ್ಟಿದಾಗ ಕೊಡುವ ಮೂರು ಲಸಿಕೆಗಳಾದ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಆಗಿವೆಯೇ ಎಂದು ಬಸುರಿನಲ್ಲಿ ಸರ್ಕಾರದಿಂದ ಕೊಟ್ಟ ತಾಯಿ ಕಾರ್ಡ್ ತೆರೆದು ನೋಡಿ. ಹೆಪಟೈಟಿಸ್ ಬಿ ಲಸಿಕೆಯನ್ನು 24 ಗಂಟೆಯೊಳಗೆ ಹಾಕಬೇಕು. ರಕ್ತಸ್ರಾವ ತಡೆಯಲು ಕೊಡುವ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ ಎಂದೂ ಕೇಳಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು.

ಬಹಳ ಮನೆಗಳವರು ಮರೆಯುವ ಸಂಗತಿ ಒಂದಿದೆ. ತಾಯಿ ಕಾರ್ಡ್ ಸಾಮಾನ್ಯವಾಗಿ ಗಂಡನ ಊರಿನಲ್ಲಿ ಆಗಿರುತ್ತದೆ, ಬಾಣಂತನ ತವರಿನಲ್ಲಿ ನಡೆಯುತ್ತದೆ. ತವರಿನ ಆಶಾ ಕಾರ್ಯಕರ್ತೆಗೆ ಸುದ್ದಿಯೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ತೂಕ ಹಾಕಿ, ಮೈ ಬಿಸಿ ನೋಡಿ, ತಾಯಿಯನ್ನೂ ವಿಚಾರಿಸಬೇಕು. ಈ ಭೇಟಿಗಳು ತಪ್ಪಬಾರದೆಂದರೆ ತವರಿಗೆ ಬಂದ ದಿನವೇ ಅಲ್ಲಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಆಹಾರಕ್ಕೂ ಅಂಗನವಾಡಿಯಲ್ಲಿ ಹೆಸರು ಇರಬೇಕು.

ಬಾಣಂತಿ ಕೋಣೆ

ಕೋಣೆ ಬೆಚ್ಚಗಿರಲಿ, ಕತ್ತಲಾಗಿರುವುದು ಬೇಡ. ಕತ್ತಲ ಕೋಣೆಯಲ್ಲಿ ಮಗುವಿಗೆ ಕಾಮಾಲೆ ಏರುತ್ತಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ನೇರ ಗಾಳಿ ಬೀಸದಂತೆ ಹಾಸಿಗೆ ಸರಿಸಿ, ಕಿಟಕಿ ತೆರೆದಿಡಿ. ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವುದಂತೂ ಜೀವಕ್ಕೇ ಕುತ್ತು. ಇದ್ದಿಲಿನಿಂದ ಬರುವ ಇಂಗಾಲದ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದೆ ಹೋಗಬಹುದು. ಸಾಂಬ್ರಾಣಿ ಹೊಗೆಯ ಪರಿಮಳ ಹಿತವೆನಿಸಿದರೂ ಮಗುವಿನ ಶ್ವಾಸಕೋಶಕ್ಕೆ ಅದು ಹೊಗೆಯೇ. ತಲೆ ಒಣಗಿಸಲು ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಮಗುವಿಗೆ ಎಷ್ಟು ಬಟ್ಟೆ? ದೊಡ್ಡವರು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು. ಮಾಗಿಯ ಚಳಿಗೆ ಕುಲಾವಿ, ಕಾಲುಚೀಲ ಬೇಕು. ಏಪ್ರಿಲ್ ತಿಂಗಳ ಮಂಡ್ಯದ ಸೆಕೆಯಲ್ಲಿ ಕಂಬಳಿ ಸುತ್ತಿದರೆ ಮಗುವಿಗೆ ಬೆವರುಸಾಲೆ ಏಳುತ್ತದೆ, ಜ್ವರವೂ ಬಂದಂತೆ ಕಾಣುತ್ತದೆ. ಅಂಗೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ ಎಂದರ್ಥ. ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿ ಮೇಲೆ ಬಟ್ಟೆ ಹೊದಿಸಿ. ಎರಡೂ ತಣ್ಣಗಿದ್ದರೆ ಹಾಗೆಯೇ ಎದೆಗವಚಿಕೊಂಡು ಆಸ್ಪತ್ರೆಗೆ ಹೊರಡಿ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಈ ಕಾಂಗರೂ ಆರೈಕೆಯನ್ನು ದಿನಕ್ಕೆ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಮಾಡಬೇಕು. ತಾಯಿ ಬಳಲಿದ್ದರೆ ಅಪ್ಪನ ಎದೆಯೂ ಆದೀತು, ಅಜ್ಜಿಯ ಎದೆಯೂ ಆದೀತು.

ಮಗುವನ್ನು ಅಂಗಾತ ಮಲಗಿಸಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಸುತ್ತ ಜೋಡಿಸುವ ಒರಗುದಿಂಬುಗಳು ಉಸಿರುಗಟ್ಟಿಸುವ ಅಪಾಯವಿರುವುದರಿಂದ ಬೇಡ. ಹೆರಿಗೆಯಲ್ಲಿ ಉದ್ದವಾದ ತಲೆ ತಾನಾಗಿಯೇ ಆಕಾರಕ್ಕೆ ಬರುತ್ತದೆ.

ಹಾಲು

ಹೆಚ್ಚು ಮನೆಗಳು ಎಡವುವುದು ಇಲ್ಲಿಯೇ. ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿ, ಗಟ್ಟಿ, ಕೆಲವೇ ಚಮಚ. ಅದನ್ನು ಕಂಡು “ಹಾಲೇ ಬಂದಿಲ್ಲ” ಎಂದು ಸಕ್ಕರೆ ನೀರಿಗೋ ಪುಡಿ ಹಾಲಿಗೋ ಕೈ ಹಾಕುತ್ತಾರೆ. ಹುಟ್ಟಿದ ಮಗುವಿನ ಹೊಟ್ಟೆ ಬಹಳ ಪುಟ್ಟದು. ಅದಕ್ಕೆ ಆ ಕೆಲವು ಚಮಚವೇ ಸಾಕು, ರೋಗ ತಡೆಯುವ ಶಕ್ತಿಯೂ ಅದರಲ್ಲಿ ತುಂಬಿರುತ್ತದೆ. ಹಿಂಡಿ ಚೆಲ್ಲಬೇಡಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಸಿಸೇರಿಯನ್ ಆಗಿದ್ದರೆ ತಾಯಿ ಮಲಗಿದ್ದಂತೆಯೇ ಇನ್ನೊಬ್ಬರು ಮಗುವನ್ನು ಹಿಡಿದುಕೊಟ್ಟರೆ ಆಯಿತು.

ಮಗು ಚೀಪುವುದು ಹೆಚ್ಚಿದಷ್ಟೂ ಹಾಲು ಹೆಚ್ಚುತ್ತದೆ. ಕೊಕ್ಕಿರುವ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಬೇರೆ ಹಾಲು ಕುಡಿಸಿದರೆ ಮಗು ಎದೆಯನ್ನು ಅಷ್ಟು ಕಡಿಮೆ ಚೀಪುತ್ತದೆ, ಮರುದಿನ ಹಾಲು ಅಷ್ಟು ಕಡಿಮೆಯಾಗುತ್ತದೆ, ಆಗ ಇನ್ನೊಂದು ಒಳಲೆ. ಹೀಗೆ ಹಾಲು ಬತ್ತುವುದಕ್ಕೆ ತಾಯಿಯ ಮೈಯನ್ನು ದೂರುವುದು ಅನ್ಯಾಯ. ಒಳಲೆ ಒಳ್ಳೆಯ ಸಾಧನವೇ: ಸಣ್ಣ ತೂಕದ, ಚೀಪಲು ಶಕ್ತಿಯಿಲ್ಲದ ಮಗುವಿಗೆ ಅಮ್ಮನದೇ ಹಿಂಡಿದ ಹಾಲನ್ನು ಅದರಲ್ಲಿ ಕುಡಿಸಬಹುದು. ಬಾಟಲಿಗಿಂತ ತೊಳೆಯುವುದೂ ಸುಲಭ.

ಈಗ ಹಿಡಿಸುವ ರೀತಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಇಡೀ ಮೈಯನ್ನು ನಿಮ್ಮ ಕಡೆ ತಿರುಗಿಸಿ; ಬರೀ ಕತ್ತು ಹೊರಳಿಸಿದರೆ ಅದು ನುಂಗುವುದು ಹೇಗೆ? ತೊಟ್ಟಿನಿಂದ ಮಗುವಿನ ಮೇಲ್ದುಟಿ ಸವರಿ. ಆಕಳಿಸುವಂತೆ ಬಾಯಿ ಅಗಲವಾಗಿ ತೆರೆದ ಕ್ಷಣ ಮಗುವನ್ನು ಎದೆಗೆ ತನ್ನಿ, ನೀವು ಬಗ್ಗಬೇಡಿ. ತೊಟ್ಟಿನ ಜೊತೆ ಸುತ್ತಲ ಕಪ್ಪು ಭಾಗವೂ ಬಾಯಿಗೆ ಹೋಗಬೇಕು. ಗಲ್ಲ ಎದೆಗೆ ತಾಗಿ, ಕೆಳದುಟಿ ಹೊರಕ್ಕೆ ಮಡಚಿದ್ದರೆ ಹಿಡಿತ ಸರಿಯಾಗಿದೆ. ಚೀಪುತ್ತಿರುವಷ್ಟು ಹೊತ್ತೂ ನೋವಿದ್ದರೆ ತಪ್ಪಿದೆ. ಕಿರುಬೆರಳನ್ನು ಬಾಯಿಯ ಮೂಲೆಗೆ ಸರಿಸಿ ಬಿಡಿಸಿ, ಮತ್ತೆ ಹಿಡಿಸಿ. ತೊಟ್ಟು ಬಿರಿದರೆ ಕೊನೆಯಲ್ಲಿ ಬರುವ ಹಾಲನ್ನೇ ಒಂದೆರಡು ಹನಿ ಸವರಿ ಗಾಳಿಗೆ ಒಣಗಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯುವುದು ಬಿರುಕನ್ನು ಹೆಚ್ಚಿಸುತ್ತದೆ.

ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಬೇಕು. ಒಂದು ಕಡೆ ಪೂರ್ತಿ ಕುಡಿದು ಬಿಟ್ಟ ಮೇಲೆ ಇನ್ನೊಂದು ಕಡೆ ಕೊಡಿ, ಬಳಿಕ ಭುಜಕ್ಕೆ ಹಾಕಿಕೊಂಡು ತೇಗು ಬರಿಸಿ. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅಳು ಅಳತೆಯಲ್ಲ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ಕಪ್ಪು ಮಲ ಹಳದಿಗೆ ತಿರುಗಿದ್ದರೆ ಹಾಲು ಸಾಲುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಶೇಕಡ 10ಕ್ಕಿಂತ ಹೆಚ್ಚು ಇಳಿಯಬಾರದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು.

ಮೂರನೇ ದಿನದ ಆಸುಪಾಸಿನಲ್ಲಿ ಎದೆ ಕಲ್ಲಿನಂತೆ ಬಿಗಿದು ನೋಯುತ್ತದೆ. ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ಸ್ವಲ್ಪ ಹಿಂಡಿ ಮೆದು ಮಾಡಿ ಮಗುವಿಗೆ ಕೊಡಿ. ಒಂದು ಭಾಗ ಕೆಂಪಾಗಿ, ಕಾದು, ಚಳಿಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಆಗಲೂ ಆ ಕಡೆ ಹಾಲು ಕೊಡುವುದನ್ನು ನಿಲ್ಲಿಸಬೇಡಿ; ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಕೀವಾಗುವ ಸಂಭವ ಹೆಚ್ಚು.

ಆರು ತಿಂಗಳವರೆಗೆ ಎದೆಹಾಲು, ವೈದ್ಯರು ಬರೆದುಕೊಟ್ಟ ಹನಿ, ಇಷ್ಟೇ. ನೀರೂ ಬೇಡ. ಜೇನುತುಪ್ಪವನ್ನು ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಿ ಮಗುವಿನ ಸ್ನಾಯುಗಳು ಸೋಲುವಂತೆ ಮಾಡಬಲ್ಲದು. ಹರಳೆಣ್ಣೆ ಕುಡಿಸುವುದು, ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಇವೂ ಬೇಡ.

ಹೆತ್ತವಳ ಮೈ

ಬಾಣಂತಿಗೆ ಅಪಾಯ ಬಂದರೆ ಅದು ಹೆಚ್ಚಾಗಿ ಬರುವುದು ಮನೆಯವರ ಗಮನವೆಲ್ಲ ಮಗುವಿನ ಮೇಲಿರುವಾಗ. ಬಂದವರೆಲ್ಲ ತೊಟ್ಟಿಲು ಬಗ್ಗಿ ನೋಡುತ್ತಾರೆ, ಅವಳ ತಲೆನೋವಿಗೆ “ನಿದ್ದೆಗೆಟ್ಟಿದ್ದೀಯಲ್ಲ, ಅದಕ್ಕೇ” ಎನ್ನುತ್ತಾರೆ.

ಹೆರಿಗೆಯ ನಂತರದ ಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪಾಗಿದ್ದು, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ನಾಲ್ಕರಿಂದ ಆರು ವಾರದಲ್ಲಿ ಬಿಳಿಚಿ ನಿಲ್ಲುತ್ತದೆ. ಹಾಲುಣಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಗರ್ಭಕೋಶ ಕುಗ್ಗುತ್ತಿರುವ ನೋವು. ಎರಡನೇ ಮೂರನೇ ಹೆರಿಗೆಯಲ್ಲಿ ಇದು ಹೆಚ್ಚು. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿನ ಗಾತ್ರದ ರಕ್ತದ ಗಡ್ಡೆಗಳು ಬಿದ್ದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಮೊದಲ ದಿನವಷ್ಟೇ ಅಲ್ಲದೆ ವಾರಗಳ ನಂತರವೂ ಹೀಗಾಗಬಹುದು.

ಸ್ರಾವ ಕೆಟ್ಟ ವಾಸನೆ ಬಂದು ಜ್ವರವಿದ್ದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ ಎಂದು ತಿಳಿಯಿರಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ಎಣ್ಣೆ ಹಚ್ಚಿ ಉಜ್ಜಬಾರದು. ಎದೆನೋವು, ಏದುಸಿರು ಬಂದರೂ ತಡಮಾಡುವಂತಿಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು ರಕ್ತದೊತ್ತಡ ಏರಿರುವ ಲಕ್ಷಣ. ಬಸುರಿನಲ್ಲಿ ಬಿಪಿ ಇಲ್ಲದವರಿಗೂ ಹೆರಿಗೆಯ ನಂತರ ಆರು ವಾರದೊಳಗೆ ಏರಬಹುದು, ಫಿಟ್ಸ್ ತರಬಹುದು. ಯಂತ್ರವಿರುವ ಮನೆಯಲ್ಲಿ ಒಮ್ಮೆ ಅಳೆದು ನೋಡಿ. 140/90 ದಾಟಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ಇಂಥ ಲಕ್ಷಣಗಳೂ ಜೊತೆಗಿದ್ದರೆ ಆ ಕೂಡಲೇ ಹೊರಡಿ.

ಕೆಳಗಿನ ಹೊಲಿಗೆಯನ್ನು ಪ್ರತಿ ಸಲ ಶೌಚಕ್ಕೆ ಹೋದಾಗ ಉಗುರು ಬೆಚ್ಚಗಿನ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು ಒತ್ತಿ ಒಣಗಿಸಿ. ಸಿಸೇರಿಯನ್ ಗಾಯದ ಮೇಲೆ ಕುದಿ ನೀರು ರಪ್ಪನೆ ಎರಚುವುದು, ಅರಿಶಿನ ಮೆತ್ತುವುದು ಬೇಡ. ಗಾಯ ಕೆಂಪಾಗಿ ಒಸರತೊಡಗಿದರೆ ತೋರಿಸಿ. ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು. ಹಾಗೆಂದು ಮಲಗಿಯೇ ಇರುವುದೂ ತಪ್ಪು: ಮೊದಲ ದಿನದಿಂದಲೇ ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆದರೆ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ.

ಹೊಟ್ಟೆಗೆ ಸೀರೆ ಸುತ್ತುವವರು ಉಸಿರಿಗೆ ತಡೆಯಾಗದಷ್ಟು ಸಡಿಲವಾಗಿ ಸುತ್ತಿ. ಬಿಗಿದರೆ ಒತ್ತಡವೆಲ್ಲ ಕೆಳಗೆ, ಈಗಾಗಲೇ ಸೋತಿರುವ ಸ್ನಾಯುಗಳ ಮೇಲೆ ಬೀಳುತ್ತದೆ. ಕೆಮ್ಮಿದಾಗ ಮೂತ್ರ ಹನಿಯುತ್ತಿದ್ದರೆ ಮೂತ್ರ ತಡೆಹಿಡಿಯುವಂತೆ ಆ ಸ್ನಾಯುಗಳನ್ನು ಐದೆಣಿಕೆ ಬಿಗಿಹಿಡಿದು ಬಿಡಿ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ ಮಾಡಿ. ಮಗುವಿಗೆ ಹಾಲು ಕೊಡುತ್ತಲೇ ಮಾಡಬಹುದು.

ನೀರು ಮತ್ತು ಊಟ

ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ಮಾತನ್ನು ಇನ್ನಾದರೂ ಬಿಡಬೇಕು. ಹಾಲಿನ ಹೆಚ್ಚಿನ ಭಾಗ ನೀರೇ. ನೀರು ಕಡಿಮೆಯಾದರೆ ಮಲಬದ್ಧತೆ, ಮೂಲವ್ಯಾಧಿ, ಉರಿಮೂತ್ರ, ತಲೆಸುತ್ತು ಒಂದರ ಹಿಂದೊಂದು ಬರುತ್ತವೆ. ಕಾಯಿಸಿ ಆರಿಸಿದ ನೀರು ತುಂಬಿದ ಚೊಂಬನ್ನು ಅವಳು ಹಾಲು ಕೊಡುವ ಜಾಗದಲ್ಲಿ ಕೈಗೆಟಕುವಂತೆ ಇಡಿ. ಕೇಳಿ ಪಡೆಯುವ ಸ್ಥಿತಿ ಬರಬಾರದು.

ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕು. ಎಂದಿನ ಮೂರು ಊಟದ ಜೊತೆ ಇನ್ನೆರಡು ಹೊತ್ತು ಎಂದು ಇಟ್ಟುಕೊಳ್ಳಿ. ಪಥ್ಯದ ಹೆಸರಿನಲ್ಲಿ ಬರೀ ಅನ್ನ, ಮೆಣಸಿನ ಸಾರು, ತುಪ್ಪ ಕೊಟ್ಟರೆ ಪ್ರೋಟೀನ್ ಸಾಲದು, ಹೆರಿಗೆಯಲ್ಲಿ ಹೋದ ರಕ್ತ ಮರಳಿ ತುಂಬದು. ನಮ್ಮ ಅಡುಗೆಯಲ್ಲಿ ಇಲ್ಲದ್ದು ಯಾವುದು? ರಾಗಿ ಮುದ್ದೆಯಲ್ಲಿ ಸುಣ್ಣದಂಶವಿದೆ. ಬಸ್ಸಾರಿನಲ್ಲಿ ಸೊಪ್ಪೂ ಇದೆ, ಕಾಳೂ ಇದೆ. ನುಗ್ಗೆ ಸೊಪ್ಪು, ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಹಾಕಿದ ಸಾರು, ಹಾಲು, ಮೊಟ್ಟೆ, ತಿನ್ನುವವರಿಗೆ ನಾಟಿಕೋಳಿ ಸಾರು, ಪರಂಗಿ, ಸೀಬೆ ಯಾವುದೂ ವರ್ಜ್ಯವಲ್ಲ. ಅಂಟಿನ ಉಂಡೆ ಒಳ್ಳೆಯದೇ, ಅದು ಊಟದ ಜಾಗಕ್ಕೆ ಬರದಿರಲಿ.

ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು, ಕ್ಯಾಲ್ಸಿಯಂ ಮಾತ್ರೆಯನ್ನೂ ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಬೇಡಿ. ಕಬ್ಬಿಣಾಂಶದ ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಟೀ ಕೂಡ ಬೇಡ, ನಿಂಬೆ ಪಾನಕವಾದರೆ ಒಳ್ಳೆಯದು.

ಇಲ್ಲೊಂದು ಮಾತು ಹೇಳಲೇಬೇಕು. ಹುಟ್ಟಿದ್ದು ಹೆಣ್ಣಾದರೆ ಕೆಲವು ಮನೆಗಳಲ್ಲಿ ತುಪ್ಪದ ಅಳತೆಯೂ ಇಳಿಯುತ್ತದೆ, ಎಣ್ಣೆ ನೀರಿನ ಉತ್ಸಾಹವೂ ಇಳಿಯುತ್ತದೆ. ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು 2023ರಲ್ಲಿ ಬಯಲಾಗಿ ನಾವೆಲ್ಲ ತಲೆತಗ್ಗಿಸಿದೆವು. ಹೆತ್ತವಳ ಗಾಯಕ್ಕೆ, ಅವಳು ಕಳೆದುಕೊಂಡ ರಕ್ತಕ್ಕೆ ಗಂಡು ಹೆಣ್ಣೆಂಬ ಲೆಕ್ಕವಿಲ್ಲ. ಅಂಥ ಮನೆಯಲ್ಲಿ ಅವಳ ಪರವಾಗಿ ಗಂಡನೇ ಬಾಯಿ ಬಿಡಬೇಕು.

ಎಣ್ಣೆ ನೀರು

ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು ನೀರೆರೆಯುವುದನ್ನು ನೋಡುವುದೇ ಒಂದು ಸಂತೋಷ. ಆ ಕೈಯ ಹದ ಪುಸ್ತಕದಿಂದ ಬರುವುದಿಲ್ಲ. ಮೊದಲ ಸ್ನಾನ ಹುಟ್ಟಿದ 24 ಗಂಟೆಯ ನಂತರವೇ ಆಗಲಿ. ಹೊಕ್ಕುಳ ಬಳ್ಳಿ ಬೀಳುವವರೆಗೆ ಬೆಚ್ಚನೆಯ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಸಣ್ಣ ತೂಕದ ಮಗುವಿಗೆ ವೈದ್ಯರು ಹೇಳುವವರೆಗೆ ಕಾಯಿರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಬೇಗ ಮುಗಿಸಿ, ತಲೆ ಮೊದಲು ಒರೆಸಿ. ಕೊಬ್ಬರಿ ಎಣ್ಣೆ ಹಗುರವಾಗಿ ಸವರಬಹುದು. ಮೂಗು, ಕಿವಿಗೆ ಎಣ್ಣೆ ಬಿಡಬಾರದು; ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಮೂಗಿಗೆ ಊದುವುದು, ಬಾಯಿಗೆ ಬೆರಳಿಟ್ಟು ಕಫ ತೆಗೆಯುವುದು, ಮೊಲೆ ಊದಿದ ಮಗುವಿನ ಎದೆ ಹಿಂಡುವುದು ಇವೆಲ್ಲ ಸೋಂಕಿಗೆ ದಾರಿ.

ಹೊಕ್ಕುಳಿಗೆ ಎಣ್ಣೆ, ಅರಿಶಿನ, ಪೌಡರ್ ಏನೂ ಬೇಡ. ಒಣಗಲು ಬಿಟ್ಟರೆ 5ರಿಂದ 15 ದಿನದೊಳಗೆ ತಾನೇ ಬೀಳುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚಬೇಡಿ, ಕೆಲವು ಕಾಡಿಗೆಗಳಲ್ಲಿ ಸೀಸವಿರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆನ್ನುವವರು ಅಂಗಾಲಿಗೆ ಇಡಿ.

ಗಾಬರಿ ಬೇಡದ್ದು, ಕಾಯಬಾರದ್ದು

ಸೀನು, ಬಿಕ್ಕಳಿಕೆ, ಬೆನ್ನ ಕೆಳಗಿನ ನೀಲಿ ಮಚ್ಚೆ, ಹೆಣ್ಣು ಮಗುವಿಗೆ ಮೊದಲ ವಾರ ಕಾಣುವ ಒಂದೆರಡು ಹನಿ ರಕ್ತ, ಕೆಲವು ವಾರಗಳ ಬಳಿಕ ಬಿಸಿಜಿ ಚುಚ್ಚಿದ ಜಾಗದಲ್ಲಿ ಏಳುವ ಪುಟ್ಟ ಗುಳ್ಳೆ ಇವು ಸಹಜ.

ಕಾಮಾಲೆಯನ್ನು ಮಾತ್ರ ಹಗಲು ಬೆಳಕಿನಲ್ಲಿ ದಿನವೂ ನೋಡಬೇಕು. ಹಣೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಹಳದಿ ಕಾಣುತ್ತದೆ. ಎರಡನೇ ದಿನದ ನಂತರ ಮುಖದಲ್ಲಿ ಅಷ್ಟಿಷ್ಟು ಕಾಣಿಸಿಕೊಂಡು ಎರಡು ವಾರದಲ್ಲಿ ಹೋದರೆ ಸರಿ. ಹುಟ್ಟಿದ 24 ಗಂಟೆಯೊಳಗೇ ಬಂದರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಮಂಕಾದರೆ ಅದು ಮಿದುಳಿಗೆ ಕೇಡು ಮಾಡಬಲ್ಲದು. ಬೆಳಗಿನ ಬಿಸಿಲಿಗೆ ಹಿಡಿದು ಕಾಯುತ್ತಾ ಕೂರಬೇಡಿ, ಕೈಗೆ ತಾಯಿತ ಕಟ್ಟಿ ಕಾಯಬೇಡಿ. ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಚಿಕಿತ್ಸೆ ಇದೆ.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೇದಿದರೆ, ಫಿಟ್ಸ್ ಬಂದರೆ, ಮೈ ಕಾದರೆ ಇಲ್ಲವೇ ತಣ್ಣಗಾದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಕಂಡರೆ, ಹಸಿರು ವಾಂತಿಯಾದರೆ ಒಂದು ಗಂಟೆಯೂ ಕಾಯುವಂತಿಲ್ಲ. ರಾತ್ರಿಯಾದರೂ 108 ಕರೆಯಿರಿ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್ ಇವೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೂ ಕಾಯಿಲೆಬಿದ್ದ ಎಳೆಗೂಸಿಗೂ ಚಿಕಿತ್ಸೆ ಉಚಿತ. ದಾರಿಯುದ್ದಕ್ಕೂ ಮಗು ತಾಯಿಯ ಎದೆಗಂಟಿಕೊಂಡು ಬೆಚ್ಚಗಿರಲಿ.

ಮನಸ್ಸು

ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಿಗೆ ಆಗುತ್ತದೆ, ಹತ್ತು ದಿನದೊಳಗೆ ತಿಳಿಯಾಗುತ್ತದೆ. ಎರಡು ವಾರ ದಾಟಿದರೂ ದುಃಖ ಬಿಡದೆ, ಮಗು ಮಲಗಿದರೂ ತಾನು ಮಲಗಲಾರದೆ, ಮಗುವಿನ ಮೇಲೆ ಮನಸ್ಸೇ ಇಲ್ಲದಂತಿದ್ದರೆ ಅದು ಖಿನ್ನತೆ. ಅದಕ್ಕೆ ಮದ್ದಿದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮದ್ದೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಯಾರಿಗೂ ಕೇಳದ ದನಿ ಅವಳಿಗೆ ಕೇಳುತ್ತಿದ್ದರೆ, ತನ್ನನ್ನೋ ಮಗುವನ್ನೋ ಕೊಂದುಬಿಡುವ ಮಾತಾಡಿದರೆ ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಲು ಹೋಗಬೇಡಿ. ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ರಾತ್ರಿ ಹಾಲು ಕೊಡುವುದು ಅವಳಿಂದ ಮಾತ್ರ ಸಾಧ್ಯ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತಟ್ಟಿ ಮಲಗಿಸುವುದು ಯಾರಿಂದಲೂ ಸಾಧ್ಯ. ಅವಳಿಗೆ ಒಂದೇ ಬೀಸಿಗೆ ನಾಲ್ಕು ಗಂಟೆ ನಿದ್ದೆ ಸಿಗುವಂತೆ ಉಳಿದವರು ಪಾಳಿ ಹಾಕಿಕೊಳ್ಳಿ. ನೋಡಲು ಬರುವ ನೆಂಟರು ಕೈ ತೊಳೆದು ಬರಲಿ, ನೆಗಡಿ ಕೆಮ್ಮು ಇದ್ದವರು ಗುಣವಾದ ಮೇಲೆ ಬರಲಿ.

ಆರನೇ ವಾರ

ಆರನೇ ವಾರ ತಾಯಿ, ಮಗು ಇಬ್ಬರನ್ನೂ ಆಸ್ಪತ್ರೆಯಲ್ಲಿ ತೋರಿಸಬೇಕು, ಈ ಭೇಟಿಗೆ ಗಂಡನೂ ಜೊತೆಗೆ ಬರಬೇಕು. ಮಗುವಿಗೆ ಅಂದು ಐದು ರೋಗ ತಡೆಯುವ ಪೆಂಟಾವ್ಯಾಲೆಂಟ್, ಪೋಲಿಯೊ ಹನಿ ಮತ್ತು ಚುಚ್ಚುಮದ್ದು, ಭೇದಿ ತಡೆಯುವ ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಗಳ ಮೊದಲ ಸುತ್ತು. ತಾಯಿಗೆ ಬಿಪಿ, ರಕ್ತದ ಹಿಮೋಗ್ಲೋಬಿನ್, ಹೊಲಿಗೆ ನೋಡಿಸಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದರೆ ಆ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮುಟ್ಟು ಮರಳುವ ಮುನ್ನವೇ ಗರ್ಭ ನಿಲ್ಲಬಹುದು, ಆದ್ದರಿಂದ ಮುಂದಿನ ಮಗುವಿನ ಅಂತರದ ಮಾತನ್ನು ಇಲ್ಲಿಯೇ ಮುಗಿಸಿ. ಗರ್ಭ ತಡೆಯುವ ಕಾಪರ್ ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಕಾಂಡೋಮ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತವೆ, ಹಾಲುಣಿಸುವವರೂ ಬಳಸಬಹುದು. ಮಕ್ಕಳು ಸಾಕೆಂದು ನಿರ್ಧರಿಸಿದ ದಂಪತಿ ಪುರುಷರ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಲಿ. ಅದು ಹೆಂಗಸರದಕ್ಕಿಂತ ಸರಳ, ಗಂಡಸರು ಅದೇ ದಿನ ಮನೆಗೆ ನಡೆದು ಹೋಗಬಹುದು.